ಹೊಸ ಪ್ರೋಗ್ರಾಮಿಂಗ್ ಭಾಷೆಗೆ ಯಾವ ಆಪರೇಟಿಂಗ್ ಸಿಸ್ಟಮ್? ವಿಂಡೋಸ್, ಲಿನಕ್ಸ್, ಮ್ಯಾಕ್, ಬ್ರೌಸರ್, ಆಂಡ್ರಾಯ್ಡ್ ತೂಗಿ ನೋಡೋಣ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಬರುವ ಪ್ರಶ್ನೆಗಳಲ್ಲಿ ಒಂದು ಇತ್ತೀಚೆಗೆ ಪದೇಪದೇ ಕೇಳಿಬರುತ್ತಿದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಬರೆದ ಇಂಟರ್‌ಪ್ರಿಟರನ್ನು (ಒಂದು ಭಾಷೆಯಲ್ಲಿ ಬರೆದದ್ದನ್ನು ಓದಿ ಓಡಿಸುವ ಪ್ರೋಗ್ರಾಮನ್ನು) ಬಿಡಲಾಗದೆ ಬೆಳೆಸುತ್ತಿರುವ ಹುಡುಗರು, ಕನ್ನಡ ಪದಗಳಲ್ಲೇ ಪ್ರೋಗ್ರಾಮ್ ಬರೆಸಬೇಕೆಂದು ಭಾಷೆ ಕಟ್ಟಿದ ಡಿಪ್ಲೊಮಾ ಮೇಷ್ಟ್ರು, ಮಿಲ್ಲಿನ ಲೆಕ್ಕಕ್ಕೆ ಸಣ್ಣದೊಂದು ಸ್ಕ್ರಿಪ್ಟಿಂಗ್ ಭಾಷೆ ಮಾಡಿಕೊಂಡವರು, ಎಲ್ಲರದೂ ಒಂದೇ ತೊಡಕು: "ಸರ, ನನ್ನ ಲ್ಯಾಪ್‌ಟಾಪ್‌ನಾಗ ಉಬುಂಟು ಮ್ಯಾಲೆ ಚಲೋ ಓಡತೈತಿ. ಸೋರ್ಸ್ ಓಪನ್ ಮಾಡೀನಿ. ವಿಂಡೋಸಿಗೂ ಕೊಡಬೇಕೇನು? ಮ್ಯಾಕಿಗೆ? ಮೊಬೈಲಿಗೆ?"

ಎಲ್ಲಕ್ಕೂ ಕೊಡಿ ಎನ್ನುವುದು ಸುಲಭ. ಯೋಜನೆಯ ಪರಿಚಯ ಹೇಳುವ ರೀಡ್‌ಮಿ ಫೈಲಿನಲ್ಲಿ ಐದು ಹೆಸರು ಬರೆಯಲು ಎಷ್ಟು ಹೊತ್ತು? ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರನ್ನು ಕೇಳಿ ನೋಡಿ. ನಕ್ಷೆಯಲ್ಲಿ ಅವರ ಹೊಲ ಅಚ್ಚುಕಟ್ಟಿನೊಳಗೇ ಇರುತ್ತದೆ. ನೀರು ಮುಟ್ಟುವುದು ಮಾತ್ರ ಯಾವಾಗಲೋ. ಒಮ್ಮೆಯೂ ಓಡಿಸಿ ನೋಡದ ಸಿಸ್ಟಮ್‌ನ ಹೆಸರನ್ನು ಪಟ್ಟಿಗೆ ಸೇರಿಸುವುದು ಅದೇ ಬಗೆಯ ಕೆಲಸ. ಪಟ್ಟಿ ನಂಬಿದವನು ಅಷ್ಟರಲ್ಲಿ ಬಿತ್ತನೆ ಮುಗಿಸಿರುತ್ತಾನೆ.

ದೊಡ್ಡ ಭಾಷೆಗಳು ಹೇಗೆ ಮಾತು ಕೊಡುತ್ತವೆ

ಪಳಗಿದ ಯೋಜನೆಗಳು 'ಸಪೋರ್ಟ್ ಇದೆ', 'ಇಲ್ಲ' ಎಂದು ಎರಡೇ ಮಾತಿನಲ್ಲಿ ಮುಗಿಸುವುದಿಲ್ಲ. ರಸ್ಟ್ ಭಾಷೆಯಲ್ಲಿ ಮೂರು ಹಂತಗಳಿವೆ. ಮೊದಲ ಹಂತದ ವ್ಯವಸ್ಥೆಗಳ ಮೇಲೆ ಪ್ರತಿ ಬದಲಾವಣೆಯೂ ಪರೀಕ್ಷೆಯಲ್ಲಿ ಪಾಸಾಗಲೇಬೇಕು. ಎರಡನೆಯದರಲ್ಲಿ ಬಿಲ್ಡ್ ಆಗುತ್ತದೆಂಬ (ಸೋರ್ಸಿನಿಂದ ಓಡಿಸಬಲ್ಲ ಫೈಲ್ ತಯಾರಾಗುತ್ತದೆಂಬ) ಖಾತರಿ ಉಂಟು, ಓಡುತ್ತದೆಂಬ ಖಾತರಿ ಇಲ್ಲ. ಮೂರನೆಯದರಲ್ಲಿ ಕೋಡ್ ಇದೆ, ಅದನ್ನು ತಾನಾಗಿ ಬಿಲ್ಡ್ ಮಾಡಿ ನೋಡುವ ಏರ್ಪಾಡಿಲ್ಲ. ಪೈಥಾನ್ ಇದನ್ನೇ 'ಪೆಪ್ 11' ಎಂಬ ದಾಖಲೆಯಲ್ಲಿ ಬರೆದಿಟ್ಟಿದೆ: ಎರಡನೇ ಹಂತಕ್ಕೆ ಸೇರಬೇಕಾದರೆ ಕನಿಷ್ಠ ಇಬ್ಬರು ಮುಖ್ಯ ಡೆವಲಪರ್‌ಗಳು ಹೊಣೆ ಹೊರಬೇಕು, ಮೂರನೆಯದಕ್ಕೆ ಕನಿಷ್ಠ ಒಬ್ಬರು, ಮತ್ತು ನಂಬಬಹುದಾದ ಒಂದು ಬಿಲ್ಡ್ ಯಂತ್ರ ಇರಬೇಕು. ಗೋ ಭಾಷೆಯವರೂ ಹೊಸ ವ್ಯವಸ್ಥೆಯನ್ನು ಸೇರಿಸಬೇಕಾದರೆ ಇಬ್ಬರು ಮನುಷ್ಯರನ್ನೂ ಒಂದು ಬಿಲ್ಡ್ ಯಂತ್ರವನ್ನೂ ಕೇಳುತ್ತಾರೆ.

ಗಮನಿಸಬೇಕಾದ್ದು ಇದು: ಮೂವರೂ ಎಣಿಸುತ್ತಿರುವುದು ಜನರನ್ನು. ಆ ಸಿಸ್ಟಮ್ ಎಷ್ಟು ಜನಪ್ರಿಯ ಎಂಬುದಕ್ಕಿಂತ ಮುರಿದ ದಿನ ಎದ್ದು ಬಂದು ನೋಡುವವರು ಯಾರು ಎಂಬುದೇ ಮೊದಲ ಪ್ರಶ್ನೆ. ನಿಮ್ಮದು ಮೂರು ಜನರ ಯೋಜನೆಯಾದರೆ ಈ ಪ್ರಶ್ನೆ ಇನ್ನೂ ಖಾರವಾಗುತ್ತದೆ.

ಯಾವ ಅಳತೆಯಲ್ಲಿ ತೂಗಬೇಕು

ಮೊದಲನೆಯದು, ಬಳಸುವವರ ಮುಂದಿರುವ ಯಂತ್ರ. ಜಗತ್ತಿನ ಅಂಕಿಅಂಶ ಇಲ್ಲಿ ಕೆಲಸಕ್ಕೆ ಬಾರದು. ನಿಮ್ಮ ಭಾಷೆ ಬಳಸಬೇಕಾದ ಲ್ಯಾಬಿಗೋ ಅಂಗಡಿಗೋ ಹೋಗಿ ಕೂತು ನೋಡಿ: ವಿಂಡೋಸ್ ಎಷ್ಟನೆಯದು, 32 ಬಿಟ್ಟೋ 64 ಬಿಟ್ಟೋ, ರ್‍ಯಾಮ್ ಎಷ್ಟು, ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ, ಇಂಟರ್‌ನೆಟ್ ಇದೆಯೇ ಇಲ್ಲಾ ಪೆನ್‌ಡ್ರೈವೇ ಗತಿಯೇ. ಅಡ್ಮಿನ್ ಪಾಸ್‌ವರ್ಡ್ ಪ್ರಶ್ನೆಯನ್ನು ಮರೆಯಬೇಡಿ, ಮುಂದೆ ಅರ್ಧ ನಿರ್ಧಾರ ಅದರಿಂದಲೇ ಆಗುತ್ತದೆ.

ಎರಡನೆಯದು, ಆ ಯಂತ್ರ ನಿಮ್ಮ ತಂಡದಲ್ಲಿ ಯಾರ ಬಳಿ ಇದೆ. ಮೂರನೆಯದು, ಕಾಲಡಿಯ ನೆಲ ಎಷ್ಟು ಗಟ್ಟಿ, ಅಂದರೆ ಇವತ್ತು ಬಿಲ್ಡ್ ಮಾಡಿದ್ದು ಮುಂದಿನ ವರ್ಷವೂ ಓಡೀತೇ. ನಾಲ್ಕನೆಯದು ಹಣ: ಯಂತ್ರದ ಬೆಲೆ, ಪ್ರೋಗ್ರಾಮ್ ನಿಮ್ಮದೇ ಎಂದು ತೋರಿಸುವ ಡಿಜಿಟಲ್ ಸಹಿಯ ಸರ್ಟಿಫಿಕೇಟಿನ ಬೆಲೆ, ವರ್ಷವರ್ಷ ಕಟ್ಟಬೇಕಾದ್ದು. ಐದನೆಯದು ನಮಗೆ ಮಾತ್ರ ತಟ್ಟುವಂಥದ್ದು: ಕನ್ನಡ ಅಕ್ಷರ. ಇಂಗ್ಲಿಷಿನಲ್ಲಷ್ಟೇ ಪರೀಕ್ಷೆ ಮಾಡಿದ ಭಾಷೆ ಎಲ್ಲ ಕಡೆಯೂ ಓಡಿದಂತೆ ಕಾಣುತ್ತದೆ. ಸ್ಟ್ರಿಂಗ್ ಒಳಗೆ ಒಂದು ಒತ್ತಕ್ಷರ, ಫೈಲಿನ ಹೆಸರಿನಲ್ಲಿ ಒಂದು ಊರು ಬಂದಾಗ ಯಾವ ಸಿಸ್ಟಮ್ ಎಲ್ಲಿ ನಿಂತಿದೆ ಗೊತ್ತಾಗುತ್ತದೆ.

ವಿಂಡೋಸ್: ತಪ್ಪಿಸಿಕೊಳ್ಳಲಾಗದ್ದು

ನಮ್ಮ ಭಾಗದಲ್ಲಿ ಮೇಜಿನ ಮೇಲೆ ಕೂತಿರುವ ಕಂಪ್ಯೂಟರ್ ಎಂದರೆ ವಿಂಡೋಸ್ ಎಂದೇ ಹಿಡಿಯಿರಿ. ಗಂಗಾವತಿಯ ರೈಸ್ ಮಿಲ್ಲಿಗೂ, ರಾಯಚೂರು ಎಪಿಎಂಸಿಯ ದಲಾಲಿ ಅಂಗಡಿಗೂ, ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಕ್ಕೂ ಟ್ಯಾಲಿ ಬೇಕು, ಟ್ಯಾಲಿ ವಿಂಡೋಸಿನದು. ಕನ್ನಡ ಟೈಪಿಂಗ್ ಎಂದರೆ ನುಡಿ. ಅದು ಬೆಳೆದದ್ದೂ ಅಲ್ಲೇ. ಎಷ್ಟೋ ಲ್ಯಾಬ್‌ಗಳಲ್ಲಿ ಟರ್ಬೊ ಸಿ ಇನ್ನೂ ಡಾಸ್‌ಬಾಕ್ಸ್ ಒಳಗೆ ಉಸಿರಾಡುತ್ತಿದೆ. ಕೇರಳದಲ್ಲಿ ಸರ್ಕಾರಿ ಶಾಲೆಗಳಿಗೆಲ್ಲ ಲಿನಕ್ಸ್ ಹೋಯಿತು. ನಮ್ಮಲ್ಲಿ ಆ ಹಾದಿ ತುಳಿದಿಲ್ಲ. ಸಿಡ್ಯಾಕ್ ಸಂಸ್ಥೆ ಡೆಬಿಯನ್ ಆಧಾರದ ಮೇಲೆ ಮಾಡಿದ ಬಾಸ್ ಲಿನಕ್ಸ್ ಇದೆಯಾದರೂ ನಾನು ನೋಡಿದ ಲ್ಯಾಬ್‌ಗಳಲ್ಲಿ ಅದು ಕಣ್ಣಿಗೆ ಬಿದ್ದಿಲ್ಲ.

ಆದರೆ ವಿಂಡೋಸಿಗೆ ಕೊಡುವುದೆಂದರೆ ಇನ್ನೊಮ್ಮೆ ಕಂಪೈಲ್ ಮಾಡುವುದಲ್ಲ. ಓಡುತ್ತಿರುವ ಪ್ರೋಗ್ರಾಮಿನ ನಕಲು ಹುಟ್ಟಿಸುವ ಲಿನಕ್ಸ್‌ನ 'ಫೋರ್ಕ್' ಅಲ್ಲಿಲ್ಲ. ಬೇರೆ ಪ್ರೋಗ್ರಾಮ್ ಹುಟ್ಟಿಸುವ ಭಾಗವನ್ನು ಹೊಸದಾಗಿ ಬರೆಯಬೇಕು. ತೆರೆದಿಟ್ಟ ಫೈಲನ್ನು ಸಾಮಾನ್ಯವಾಗಿ ಅಳಿಸಲು ಬಿಡುವುದಿಲ್ಲ, ಹಾಗಾಗಿ ತಾತ್ಕಾಲಿಕ ಫೈಲ್ ಬಳಸುವ ನಿಮ್ಮ ಪರೀಕ್ಷೆಗಳು ಸಾಲಾಗಿ ಬೀಳುತ್ತವೆ. ಫೈಲಿನ ದಾರಿ 260 ಅಕ್ಷರ ದಾಟಿದರೆ ಹಳೆಯ ಮಿತಿ ಅಡ್ಡ ಬರುತ್ತದೆ. 'ನಲ್', 'ಕಾನ್', 'ಪಿಆರ್‌ಎನ್' ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಫೈಲಿಗೆ ಇಡಲು ಹೋದರೆ ತಕರಾರು. ವೇಬ್ರಿಡ್ಜ್‌ನಿಂದ ತೂಕ ಓದುವ ಪ್ರೋಗ್ರಾಮ್ ಬರೆಯುವವರಿಗೆ ಇನ್ನೊಂದು: ಕಾಮ್ 9ರವರೆಗೆ ಸೀರಿಯಲ್ ಪೋರ್ಟನ್ನು ನೇರ ಹೆಸರಿನಿಂದ ತೆರೆಯಬಹುದು, ಕಾಮ್ 10ರಿಂದ ಮುಂದೆ ಹೆಸರು ಶುರುವಾಗುವ ಮುಂಚೆ ಓರೆಗೆರೆ, ಚುಕ್ಕಿಗಳ ಗುರುತು ಸೇರಿಸಬೇಕು. ಯುಎಸ್‌ಬಿ ಕೇಬಲನ್ನು ಬೇರೆ ಬೇರೆ ಕಡೆ ಚುಚ್ಚುತ್ತಾ ಹೋದರೆ ಪೋರ್ಟ್ ಸಂಖ್ಯೆ 10 ದಾಟುವುದೇನೂ ಅಪರೂಪವಲ್ಲ. ಭಾಷೆಯ ಲೈಬ್ರರಿ ಇದನ್ನು ತಾನೇ ನೋಡಿಕೊಳ್ಳದಿದ್ದರೆ ಮಿಲ್ಲಿನವರು ನಿಮಗೆ ಫೋನ್ ಮಾಡುತ್ತಾರೆ.

ಇನ್ನು ಕನ್ನಡ. ವಿಂಡೋಸಿನ ಹಳೆಯ ವ್ಯವಸ್ಥೆಯಲ್ಲಿ ಒಂದೊಂದು ಭಾಷೆಗೆ ಒಂದೊಂದು ಆನ್ಸಿ ಕೋಡ್ ಪೇಜ್, ಅಂದರೆ ಅಕ್ಷರಗಳಿಗೆ ಸಂಖ್ಯೆ ಕೊಡುವ ಪಟ್ಟಿ, ಇರುತ್ತಿತ್ತು. ಕನ್ನಡ ಅಲ್ಲಿಗೆ ಬಂದದ್ದೇ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿಯಾದ ಯೂನಿಕೋಡ್ ಮೂಲಕ, ಅದಕ್ಕೆಂದು ಅಂಥ ಪೇಜ್ ಇಲ್ಲ. ಭಾರತದ ಇಂಗ್ಲಿಷ್ ಸೆಟ್ಟಿಂಗ್ ಇರುವ ಯಂತ್ರದಲ್ಲಿ ಕೋಡ್ ಪೇಜ್ 1252 ಇರುತ್ತದೆ, ಅದರಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲ. ನಿಮ್ಮ ಭಾಷೆ 'ಸಿಸ್ಟಮ್ ಹೇಳಿದ ಎನ್‌ಕೋಡಿಂಗ್' ಎಂದು ಫೈಲ್ ತೆರೆದರೆ 'ನಮಸ್ಕಾರ' ಬರೆಯುವಾಗಲೇ ಕುಸಿಯುತ್ತದೆ. ಪೈಥಾನ್ ಬಳಸಿದವರಿಗೆ ಈ ಎರರ್ ಹೊಸದಲ್ಲ. ಜಾವಾ 2022ರಲ್ಲಿ ಬಂದ 18ನೇ ಆವೃತ್ತಿಯಲ್ಲಿ ಯೂನಿಕೋಡನ್ನು ಬೈಟುಗಳಲ್ಲಿ ಬರೆಯುವ ಯುಟಿಎಫ್-8 ಕ್ರಮವನ್ನೇ ಎಲ್ಲ ಕಡೆ ಡೀಫಾಲ್ಟ್ ಮಾಡಿತು. ಪೈಥಾನ್ ತನ್ನ 3.15ಕ್ಕೆ ಅದೇ ನಿರ್ಧಾರ ಮಾಡಿದೆ. ನೀವು ಹೊಸಬರು, ಹಳೆಯ ಹೊರೆ ಇಲ್ಲ: ಮೊದಲ ದಿನದಿಂದಲೇ ಯುಟಿಎಫ್-8, ವಿಂಡೋಸಿನ ಜೊತೆ ಮಾತಾಡುವ ಗಡಿಯಲ್ಲಷ್ಟೇ ಯುಟಿಎಫ್-16ಕ್ಕೆ ಬದಲಾವಣೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲ ಎಂಬುದನ್ನು ಬಳಸುವವರಿಗೆ ದಪ್ಪ ಅಕ್ಷರದಲ್ಲಿ ಹೇಳಿಬಿಡಿ. ಪರದೆಯ ಮೇಲೆ ಕನ್ನಡ ಕಂಡರೂ ನಿಮ್ಮ ಕಂಪೈಲರಿಗೆ ಸಿಗುವುದು ಇಂಗ್ಲಿಷ್ ಅಕ್ಷರಗಳ ಗೊಂದಲ.

ಹಂಚುವ ರೀತಿಯಲ್ಲೂ ಜಾಣತನ ಬೇಕು. ಇನ್‌ಸ್ಟಾಲರ್ ಮಾಡಿದರೆ ಅಡ್ಮಿನ್ ಪಾಸ್‌ವರ್ಡ್ ಕೇಳಬಹುದು. ಲ್ಯಾಬ್ ಅಸಿಸ್ಟೆಂಟ್ ಆವತ್ತು ರಜೆ. ಬಿಚ್ಚಿದ ಕೂಡಲೇ ಓಡುವ ಒಂದು ಜಿಪ್ ಫೈಲ್ ಎಷ್ಟೋ ಮೇಲು. ಸಿ ರನ್‌ಟೈಮನ್ನು (ಪ್ರೋಗ್ರಾಮ್ ಓಡಲು ಬೇಕಾದ ಲೈಬ್ರರಿಯನ್ನು) ಒಳಗೇ ಸೇರಿಸಿ ಬಿಲ್ಡ್ ಮಾಡಿ, ಇಲ್ಲದಿದ್ದರೆ 'ವಿಸಿ ರನ್‌ಟೈಮ್ 140 ಡಿಎಲ್‌ಎಲ್ ಸಿಗಲಿಲ್ಲ' ಎಂಬ ಕಿಟಕಿ ಏಳುತ್ತದೆ. ಸಹಿ ಇಲ್ಲದ ಎಕ್ಸ್‌ಇ ಫೈಲನ್ನು ಡೌನ್‌ಲೋಡ್ ಮಾಡಿದವರಿಗೆ ವಿಂಡೋಸಿನ ಕಾವಲುಗಾರ ಸ್ಮಾರ್ಟ್‌ಸ್ಕ್ರೀನ್ ನೀಲಿ ಎಚ್ಚರಿಕೆ ತೋರಿಸುತ್ತದೆ. ಅದನ್ನು ತಗ್ಗಿಸಲು ನೆರವಾಗುವ ಸರ್ಟಿಫಿಕೇಟಿಗೆ ವರ್ಷವರ್ಷ ಹಣ ಬೇಕು, 2023ರ ಜೂನ್‌ನಿಂದ ಅದರ ಗುಟ್ಟಿನ ಕೀಲಿಯನ್ನು ಹಾರ್ಡ್‌ವೇರ್ ಸಾಧನದಲ್ಲೇ ಇಡಬೇಕೆಂಬ ನಿಯಮವೂ ಇದೆ. ವಿದ್ಯಾರ್ಥಿ ಯೋಜನೆಗೆ ಆ ಖರ್ಚು ಬೇಡ ಎಂಬುದು ನನ್ನ ಅಭಿಪ್ರಾಯ. ಎಚ್ಚರಿಕೆ ಯಾಕೆ ಬರುತ್ತದೆ, ಹೇಗೆ ದಾಟಬೇಕು ಎಂದು ಚಿತ್ರ ಸಮೇತ ಬರೆದಿಟ್ಟರೆ ಸಾಕು.

"ಡಬ್ಲ್ಯೂಎಸ್‌ಎಲ್ ಇದೆಯಲ್ಲ, ವಿಂಡೋಸಿನೊಳಗೇ ಲಿನಕ್ಸ್ ಓಡಿಸಿಕೊಳ್ಳಲಿ" ಎನ್ನುವವರು ಬಹಳ. ಡೆವಲಪರ್ ಲ್ಯಾಪ್‌ಟಾಪಿಗೆ ಅದು ಸರಿ. ಲ್ಯಾಬಿನಲ್ಲಿ ಬಯೋಸ್‌ಗೆ ಹೋಗಿ ವರ್ಚುವಲೈಸೇಷನ್ ಆನ್ ಮಾಡಬೇಕು, ಅಡ್ಮಿನ್ ಅನುಮತಿ ಬೇಕು, ಉಬುಂಟು ಡೌನ್‌ಲೋಡ್ ಆಗಬೇಕು, 4 ಜಿಬಿ ರ್‍ಯಾಮ್ ಸಾಕಾಗಬೇಕು. ಬೇಸಿಗೆಯ ಮಧ್ಯಾಹ್ನ ರಾಯಚೂರಿನಲ್ಲಿ ಕರೆಂಟು ಇದ್ದರೆ ಸಾಕು ಎನ್ನುವ ಹೊತ್ತಿನಲ್ಲಿ ಇಷ್ಟೆಲ್ಲ ಯಾರೂ ಮಾಡುವುದಿಲ್ಲ.

ವಿಂಡೋಸನ್ನು 'ಆಮೇಲೆ ನೋಡೋಣ' ಎಂದು ಮುಂದೂಡಿದರೆ ಎಷ್ಟು ಎಳೆಯುತ್ತದೆ ಎನ್ನಲು ಎರಡು ಉದಾಹರಣೆ. ಸ್ವಿಫ್ಟ್ 2015ರ ಡಿಸೆಂಬರ್‌ನಲ್ಲಿ ಓಪನ್ ಸೋರ್ಸ್ ಆಯಿತು. ವಿಂಡೋಸಿಗೆ ಅಧಿಕೃತವಾಗಿ ಸಿಕ್ಕಿದ್ದು 2020ರಲ್ಲಿ. ಒಕ್ಯಾಮಲ್ ಭಾಷೆಯ ಪ್ಯಾಕೇಜ್ ಮ್ಯಾನೇಜರ್ ಓಪ್ಯಾಮ್ ವಿಂಡೋಸಿನಲ್ಲಿ ನೇರವಾಗಿ ಓಡತೊಡಗಿದ್ದು 2024ರ ಜುಲೈಯ 2.2 ಆವೃತ್ತಿಯಿಂದ. ಎರಡಕ್ಕೂ ಒಳ್ಳೆಯ ತಲೆಗಳ ಕೊರತೆ ಇರಲಿಲ್ಲ.

ಲಿನಕ್ಸ್: ಕಟ್ಟುವವರ ಮನೆ

ನೀವು ಕೋಡ್ ಬರೆಯುವುದು ಇಲ್ಲೇ, ಸರ್ವರ್‌ಗಳು ಇರುವುದು ಇಲ್ಲೇ, ಉಚಿತ ಪರೀಕ್ಷಾ ಯಂತ್ರಗಳು ಹೇರಳವಾಗಿ ಸಿಗುವುದೂ ಇಲ್ಲೇ. ಲಿನಕ್ಸ್ ಕರ್ನಲ್ (ಸಿಸ್ಟಮ್‌ನ ತಿರುಳು) ತನ್ನ ಸಿಸ್ಟಮ್ ಕಾಲ್‌ಗಳನ್ನು, ಅಂದರೆ ಪ್ರೋಗ್ರಾಮ್‌ಗಳು ಅದರಿಂದ ಕೆಲಸ ಕೇಳುವ ಬಾಗಿಲುಗಳನ್ನು, ಮುರಿಯುವುದಿಲ್ಲ ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತದೆ. ವಿಂಡೋಸ್, ಮ್ಯಾಕ್‌ಗಳಲ್ಲಿ ಆ ಭರವಸೆ ಇಲ್ಲ. ಅವು ಕೊಡುವ ಲೈಬ್ರರಿಯ ಮೂಲಕವೇ ಹೋಗಬೇಕು. ಗೋ ಭಾಷೆ ಮ್ಯಾಕ್ ಮೇಲೂ ನೇರ ಕರ್ನಲ್ ಬಾಗಿಲು ತಟ್ಟುತ್ತಿತ್ತು, ಆ ಬಾಗಿಲಿನ ಬೀಗ ಬದಲಾದಾಗ ತೊಂದರೆಗೆ ಸಿಕ್ಕಿ, ಕೊನೆಗೆ ಆಪಲ್‌ನ ಸಿಸ್ಟಮ್ ಲೈಬ್ರರಿಗೆ ಶರಣಾಯಿತು. ಸ್ವಂತ ಕೋಡ್ ಜನರೇಟರ್ ಬರೆಯುವವರು ಇದನ್ನು ನೆನಪಿಟ್ಟುಕೊಳ್ಳಿ.

ಲಿನಕ್ಸ್‌ನ ತಲೆನೋವು ಕರ್ನಲ್ ಅಲ್ಲ, ಪ್ರೋಗ್ರಾಮ್‌ಗಳು ಆತುಕೊಳ್ಳುವ ಸಿ ಲೈಬ್ರರಿ ಜಿಲಿಬ್‌ಸಿ. ಉಬುಂಟು 22.04ರಲ್ಲಿ ಜಿಲಿಬ್‌ಸಿ 2.35 ಇದೆ, 20.04ರಲ್ಲಿ 2.31. ಹೊಸದರ ಮೇಲೆ ಬಿಲ್ಡ್ ಮಾಡಿದ ಬೈನರಿಯನ್ನು (ಓಡಿಸಬಲ್ಲ ಫೈಲನ್ನು) ಹಳೆಯದಕ್ಕೆ ಒಯ್ದರೆ 'ಜಿಲಿಬ್‌ಸಿ 2.34 ಸಿಗಲಿಲ್ಲ' ಎಂದು ನಿಲ್ಲಬಹುದು. ಹಳೆಯದರಲ್ಲಿ ಬಿಲ್ಡ್ ಆದದ್ದು ಹೊಸದರಲ್ಲಿ ಓಡುತ್ತದೆ, ತಿರುಗಿಸಿದರೆ ಇಲ್ಲ. ಹಾಗಾಗಿ ಬಿಡುಗಡೆಯ ಬೈನರಿಯನ್ನು ನಿಮ್ಮ ಹೊಳೆಯುವ ಹೊಸ ಲ್ಯಾಪ್‌ಟಾಪಿನಲ್ಲಿ ಮಾಡಬೇಡಿ, ಹಳೆಯ ಲಿನಕ್ಸ್ ಇರುವ ಕಂಟೇನರ್ (ಬೇರ್ಪಡಿಸಿದ ಪರಿಸರ) ಒಂದರಲ್ಲಿ ಮಾಡಿ. ಪೈಥಾನ್ ಪ್ಯಾಕೇಜುಗಳ 'ಮೆನಿಲಿನಕ್ಸ್' ವ್ಯವಸ್ಥೆಯೂ ಇದೇ ತತ್ವದ್ದು. ಅದರ 2014ರ ರೂಪ ಸೆಂಟೋಸ್ 7ರ ಜಿಲಿಬ್‌ಸಿ 2.17 ಮೇಲೆ ನಿಂತಿದೆ. ಇನ್ನೊಂದು ದಾರಿ ಮಸ್ಲ್ ಎಂಬ ಬೇರೊಂದು ಸಿ ಲೈಬ್ರರಿ ಬಳಸಿ ಎಲ್ಲವನ್ನೂ ಒಂದೇ ಬೈನರಿಯಲ್ಲಿ ಕಟ್ಟಿಬಿಡುವುದು. ಆಗ ಯಾವ ಡಿಸ್ಟ್ರೋ (ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ರೂಪ) ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ, ಆದರೆ ಓಡುವಾಗ ಹೊರಗಿನ ಲೈಬ್ರರಿಯನ್ನು ಎಳೆದುಕೊಳ್ಳುವ ಸೌಲಭ್ಯ ಹೋಗುತ್ತದೆ, ಮೆಮೊರಿ ಹಂಚಿಕೆ ನಿಧಾನವಾಗುತ್ತದೆ. ಕಲಿಕೆಯ ಭಾಷೆಗೆ ಈ ನಷ್ಟ ಏನೂ ಅಲ್ಲ.

ಡಿಸ್ಟ್ರೋಗಳ ಹೆಸರನ್ನು ಒಂದೊಂದಾಗಿ ಪಟ್ಟಿ ಮಾಡುವ ಗೋಜಿಗೆ ಹೋಗಬೇಡಿ. '64 ಬಿಟ್ ಲಿನಕ್ಸ್, ಜಿಲಿಬ್‌ಸಿ ಇಷ್ಟರಿಂದ ಮೇಲೆ' ಎಂದು ಒಂದೇ ಸಾಲು ಸಾಕು. 32 ಬಿಟ್ ಇಂಟೆಲ್ ಬಗ್ಗೆ ಕೇಳಿದರೆ, 2025ರ ಡೆಬಿಯನ್ 13 ಕೂಡ ಅದನ್ನು ಪೂರ್ಣ ವ್ಯವಸ್ಥೆಯಾಗಿ ಉಳಿಸಿಕೊಂಡಿಲ್ಲ ಎಂದು ತೋರಿಸಿ.

ಮ್ಯಾಕ್: ಒಬ್ಬರ ಬಳಿ ಇದ್ದರೆ

ಇಲ್ಲಿ ಮಾತು ಚಿಕ್ಕದು. ನಿಮ್ಮ ಬಳಗದಲ್ಲಿ ಯಾರಾದರೂ ಒಬ್ಬರು ದಿನವೂ ಮ್ಯಾಕ್ ಬಳಸುತ್ತಾರಾ? ಬಳಸಿದರೆ ಎರಡನೇ ಹಂತದಲ್ಲಿ ಇಡಿ, ಇಲ್ಲದಿದ್ದರೆ ಮೂರನೆಯದರಲ್ಲಿ. ಮ್ಯಾಕ್‌ಒಎಸ್ ಅನ್ನು ಲೈಸೆನ್ಸ್ ಪ್ರಕಾರ ಆಪಲ್ ಯಂತ್ರದ ಮೇಲಷ್ಟೇ ಓಡಿಸಬಹುದು. ನಿಮ್ಮ ಪಿಸಿಯಲ್ಲಿ ವರ್ಚುವಲ್ ಮಷೀನ್ ಹಾಕಿ ನೋಡುವ ದಾರಿ ಮುಚ್ಚಿದೆ. ಡೌನ್‌ಲೋಡ್ ಮಾಡಿದ ಪ್ರೋಗ್ರಾಮ್ ತಕರಾರಿಲ್ಲದೆ ತೆರೆಯಬೇಕಾದರೆ ಆಪಲ್‌ನಿಂದ ನೋಟರೈಸ್ ಮಾಡಿಸಬೇಕು (ತಪಾಸಣೆಯ ಮುದ್ರೆ ಒತ್ತಿಸಿಕೊಳ್ಳಬೇಕು), ಅದಕ್ಕೆ ಡೆವಲಪರ್ ಸದಸ್ಯತ್ವ ವರ್ಷಕ್ಕೆ 99 ಡಾಲರ್. ಹೋಮ್‌ಬ್ರೂ ಎಂಬ ಪ್ಯಾಕೇಜ್ ಮ್ಯಾನೇಜರ್ ಮೂಲಕ ಸೋರ್ಸಿನಿಂದ ಬಿಲ್ಡ್ ಆಗುವಂತೆ ಕೊಟ್ಟರೆ ಆ ಖರ್ಚು ತಪ್ಪುತ್ತದೆ. ಸಮಾಧಾನದ ವಿಷಯ: ಓಪನ್ ಸೋರ್ಸ್ ಯೋಜನೆಗಳಿಗೆ ಕೋಡ್ ಇಡುವ ತಾಣ ಗಿಟ್‌ಹಬ್ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರೂ ಪರೀಕ್ಷಾ ಯಂತ್ರಗಳನ್ನು ಉಚಿತವಾಗಿ ಕೊಡುತ್ತದೆ. ಆದರೆ ಆ ದೂರದ ಯಂತ್ರದಲ್ಲಿ ಪರೀಕ್ಷೆ ಬಿದ್ದಾಗ ಕೂತು ಹುಡುಕಲು ಕೈಯಲ್ಲೊಂದು ಮ್ಯಾಕ್ ಇಲ್ಲದಿದ್ದರೆ ಕತ್ತಲಲ್ಲಿ ತಡಕಾಡಿದಂತೆಯೇ.

ಹೊಸದಾಗಿ ಶುರುಮಾಡುವವರು ಆಪಲ್‌ನ ಸ್ವಂತ ಚಿಪ್ ಇರುವ ಮ್ಯಾಕ್‌ಗಷ್ಟೇ ಕೊಡಿ. ಮ್ಯಾಕ್‌ಒಎಸ್ 26ರ ನಂತರ ಇಂಟೆಲ್ ಮ್ಯಾಕ್‌ಗಳಿಗೆ ಹೊಸ ಆವೃತ್ತಿ ಇಲ್ಲವೆಂದು ಆಪಲ್ ಹೇಳಿಯಾಗಿದೆ, ರಸ್ಟ್ ಕೂಡ 2025ರಲ್ಲಿ ಇಂಟೆಲ್ ಮ್ಯಾಕನ್ನು ಎರಡನೇ ಹಂತಕ್ಕೆ ಇಳಿಸಿದೆ.

ಮ್ಯಾಕ್ ಬಗ್ಗೆ ಒಂದು ಅಡ್ಡಮಾತು. ಅದರ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿ ಇಡುತ್ತದೆ. 'ಕೊಪ್ಪಳ' ಎಂಬ ಫೈಲಿನ ಹೆಸರಿನಲ್ಲಿರುವ 'ಒ' ಕಾರದ ಚಿಹ್ನೆ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, 'ಎ' ಕಾರ ಮತ್ತು 'ಊ' ಕಾರದ ಚಿಹ್ನೆಗಳಾಗಿ ಒಡೆದೂ ಇರಬಹುದು. ಒಡೆಯದಿದ್ದರೆ ಯುಟಿಎಫ್-8ರಲ್ಲಿ 18 ಬೈಟು, ಒಡೆದರೆ 21. ಕಣ್ಣಿಗೆ ಒಂದೇ, ಹೋಲಿಸುವ ಕೋಡಿಗೆ ಬೇರೆ. 'ಬಳ್ಳಾರಿ', 'ರಾಯಚೂರು' ಎರಡರಲ್ಲೂ ಹೀಗೆ ಒಡೆಯುವ ಚಿಹ್ನೆ ಒಂದೂ ಇಲ್ಲ. ಹಾಗಾಗಿ ಮೂರು ಜಿಲ್ಲೆಗಳ ಡೇಟಾ ಫೈಲ್ ಓದುವ ಪ್ರೋಗ್ರಾಮ್ ಎರಡನ್ನು ಓದಿ ಕೊಪ್ಪಳವನ್ನು ಮಾತ್ರ 'ಇಲ್ಲ' ಎಂದರೆ ಬೆಚ್ಚಬೇಡಿ. ಪರೀಕ್ಷೆಗೆ ಕೊಪ್ಪಳ ಎಂಬ ಫೈಲನ್ನು ಸೇರಿಸಿಬಿಡಿ, ಎಲ್ಲ ಸಿಸ್ಟಮ್‌ಗಳಲ್ಲೂ.

ಬ್ರೌಸರ್: ನಿಜವಾದ ಪೈಪೋಟಿ

ಕಟ್ಟುನಿಟ್ಟಾಗಿ ನೋಡಿದರೆ ಬ್ರೌಸರ್ ಆಪರೇಟಿಂಗ್ ಸಿಸ್ಟಮ್ ಅಲ್ಲ. ಆದರೆ ಈ ಪಟ್ಟಿಯಲ್ಲಿ ಅದನ್ನು ಸೇರಿಸದವರು ಮೋಸ ಹೋಗುತ್ತಾರೆ. 2017ರಲ್ಲಿ ನಾಲ್ಕೂ ಪ್ರಮುಖ ಬ್ರೌಸರ್‌ಗಳಿಗೆ ಬಂದ ವೆಬ್‌ಅಸೆಂಬ್ಲಿ (ಬ್ರೌಸರ್ ಓಡಿಸಬಲ್ಲ ಕೋಡ್ ರೂಪ) 2019ರ ಡಿಸೆಂಬರ್‌ನಲ್ಲಿ ಅಧಿಕೃತ ಮಾನದಂಡವಾಯಿತು. ಸಿ ಅಥವಾ ರಸ್ಟ್‌ನಲ್ಲಿ ಬರೆದ ನಿಮ್ಮ ಇಂಟರ್‌ಪ್ರಿಟರನ್ನು ಅದಕ್ಕೆ ಕಂಪೈಲ್ ಮಾಡಿ ಒಂದು ಪುಟದಲ್ಲಿಟ್ಟರೆ ಲ್ಯಾಬಿನ ವಿಂಡೋಸ್, ಹಾಸ್ಟೆಲ್ ಹುಡುಗಿಯ ಅಗ್ಗದ ಆಂಡ್ರಾಯ್ಡ್, ಯಾರದೋ ಮ್ಯಾಕ್ ಎಲ್ಲದರ ಮೇಲೂ ಓಡುತ್ತದೆ. ಇನ್‌ಸ್ಟಾಲ್ ಇಲ್ಲ, ಸಹಿ ಇಲ್ಲ, ಅಡ್ಮಿನ್ ಇಲ್ಲ. ಇಡೀ ಪೈಥಾನನ್ನೇ ಬ್ರೌಸರಿಗೆ ತಂದ ಪಯೊಡೈಡ್ 2018ರಲ್ಲಿ ಮೊಜಿಲಾದಲ್ಲಿ ಶುರುವಾದದ್ದು. ಈ ದಾರಿ ಎಷ್ಟು ದೂರ ಹೋಗುತ್ತದೆ ಎನ್ನಲು ಅದೇ ಸಾಕ್ಷಿ.

ಕನ್ನಡಕ್ಕಂತೂ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕಪ್ಪು ಟರ್ಮಿನಲ್ ಕಿಟಕಿಗಳು ಒಂದು ಅಕ್ಷರಕ್ಕೆ ಒಂದು ಚೌಕ ಎಂಬ ಲೆಕ್ಕದವು, ಅಲ್ಲಿ ಒತ್ತಕ್ಷರ ಸರಿಯಾಗಿ ಕೂರುವುದು ಅಪರೂಪ. ವಿಂಡೋಸಿನಲ್ಲಿ ಮಾತ್ರವಲ್ಲ, ಲಿನಕ್ಸ್‌ನಲ್ಲೂ. ಕ್ರೋಮ್, ಫೈರ್‌ಫಾಕ್ಸ್‌ಗಳು ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಬಳಸುತ್ತವೆ, 'ರಾಷ್ಟ್ರ' 'ರಾಷ್ಟ್ರ'ವಾಗಿಯೇ ಕಾಣುತ್ತದೆ.

ತೊಡಕು ಬರುವುದು ನೀವು ನಿರೀಕ್ಷಿಸದ ಕಡೆ. ಶಾಲೆಯ ಮೊದಲ ಪ್ರೋಗ್ರಾಮ್ ಏನು? 'ನಿನ್ನ ಹೆಸರೇನು' ಎಂದು ಕೇಳಿ, ಉತ್ತರಕ್ಕೆ ಕಾಯುವುದು. ಬ್ರೌಸರಿನ ಮುಖ್ಯ ಎಳೆಯಲ್ಲಿ ಹಾಗೆ ಕಾಯುವಂತಿಲ್ಲ, ಪುಟವೇ ಹೆಪ್ಪುಗಟ್ಟುತ್ತದೆ. ಇಂಟರ್‌ಪ್ರಿಟರನ್ನು ಹಿನ್ನೆಲೆಯ ವರ್ಕರ್‌ನಲ್ಲಿ ಓಡಿಸಿ, ಹಂಚಿಕೊಂಡ ಮೆಮೊರಿಯಿಂದ ಕಾಯಿಸಬೇಕು; ಆ ಮೆಮೊರಿ ಸಿಗಬೇಕಾದರೆ ಸರ್ವರ್ ಎರಡು ವಿಶೇಷ ಹೆಡರ್ (ಪುಟದ ಜೊತೆ ಹೋಗುವ ಸೂಚನೆ) ಕಳಿಸಬೇಕು; ಉಚಿತವಾಗಿ ಸಿಗುವ ಗಿಟ್‌ಹಬ್ ಪೇಜಸ್‌ನಲ್ಲಿ ಹೆಡರ್ ಬದಲಿಸಲು ಬರುವುದಿಲ್ಲ, ಅಡ್ಡದಾರಿ ಹಿಡಿಯಬೇಕು. ಅಥವಾ ಮೊದಲೇ ಜಾಣರಾಗಿ, ಇಂಟರ್‌ಪ್ರಿಟರನ್ನು ಯಾವ ಹೆಜ್ಜೆಯಲ್ಲಾದರೂ ನಿಲ್ಲಿಸಿ ಮತ್ತೆ ಮುಂದುವರಿಸಬಹುದಾದಂತೆ ಬರೆಯಿರಿ. ಬೈಟ್‌ಕೋಡ್ (ಸಣ್ಣ ಸಣ್ಣ ಆದೇಶಗಳ ಸಾಲು) ಓಡಿಸುವ ಭಾಷೆಗೆ ಇದು ಕಷ್ಟವಲ್ಲ. ಫೈಲ್, ಸೀರಿಯಲ್ ಪೋರ್ಟ್, ಪ್ರಿಂಟರ್ ಮುಟ್ಟುವ ಕೆಲಸಕ್ಕೆ ಬ್ರೌಸರ್ ಒಲಿಯುವುದು ಅಷ್ಟಕ್ಕಷ್ಟೇ. ನೆಟ್ ಇಲ್ಲದ ಲ್ಯಾಬಿಗೆ ಸರ್ವಿಸ್ ವರ್ಕರ್ ಹಾಕಿ, ಒಮ್ಮೆ ತೆರೆದ ಪುಟ ಮುಂದೆ ನೆಟ್ ಇಲ್ಲದೆಯೂ ಓಡುವಂತೆ ಮಾಡಿಡಬಹುದು.

ಆಂಡ್ರಾಯ್ಡ್, ಮತ್ತು ಉಳಿದವು

ಎಲ್ಲರ ಕೈಯಲ್ಲೂ ಫೋನಿದೆ, ಹಾಗಾಗಿ ಆಂಡ್ರಾಯ್ಡ್ ಆ್ಯಪ್ ಬೇಕೇ ಬೇಕು ಎಂದು ತಂಡದಲ್ಲಿ ಒಬ್ಬರು ಹಟ ಹಿಡಿಯುತ್ತಾರೆ. ನನ್ನ ಸಲಹೆ ಬೇಡ ಎಂದೇ. ಅಲ್ಲಿರುವುದು ಲಿನಕ್ಸ್ ಕರ್ನಲ್ ನಿಜ, ಆದರೆ ಸಿ ಲೈಬ್ರರಿ ಬಯೋನಿಕ್, ಜಿಲಿಬ್‌ಸಿ ಅಲ್ಲ. ಆಂಡ್ರಾಯ್ಡ್ 10ರಿಂದೀಚೆಗೆ, ಹೊಸ ಎಪಿಐ ಮಟ್ಟಕ್ಕೆ ಬಿಲ್ಡ್ ಆದ ಆ್ಯಪ್ ತನ್ನ ಫೋಲ್ಡರಿನಲ್ಲಿ ತಾನೇ ಬರೆದ ಬೈನರಿಯನ್ನು ಓಡಿಸುವಂತಿಲ್ಲ. ಕಂಪೈಲ್ ಮಾಡಿ ಎಕ್ಸಿಕ್ಯೂಟಬಲ್ ಕೊಡುವ ಭಾಷೆಗೆ ಇದು ನೇರ ಪೆಟ್ಟು. ಪ್ಲೇ ಸ್ಟೋರಿನ ನಿಯಮಗಳೂ ಬದಲಾಗುತ್ತಲೇ ಇರುತ್ತವೆ: 2019ರಲ್ಲಿ 64 ಬಿಟ್ ಕಡ್ಡಾಯ, 2025ರ ನವೆಂಬರ್‌ನಿಂದ ಆಂಡ್ರಾಯ್ಡ್ 15ಕ್ಕೆಂದು ಮಾಡಿದ ಆ್ಯಪ್‌ಗಳಿಗೆ 16 ಕೆಬಿ ಮೆಮೊರಿ ಪೇಜ್ ಹೊಂದಾಣಿಕೆ. ಪೈಥಾನ್‌ನಂಥ ಪೈಥಾನ್ ಆಂಡ್ರಾಯ್ಡನ್ನು ತನ್ನ ಪಟ್ಟಿಗೆ, ಅದೂ ಮೂರನೇ ಹಂತದಲ್ಲಿ, ಸೇರಿಸಿಕೊಂಡದ್ದು 2024ರ 3.13ರಲ್ಲಿ. ಫೋನಿನವರಿಗೆ ಬ್ರೌಸರ್ ಪುಟದ ಕೊಂಡಿ ಕೊಡಿ. ಫೋನಿನಲ್ಲೇ ಲಿನಕ್ಸ್ ಟರ್ಮಿನಲ್ ಕೊಡುವ ಟರ್ಮಕ್ಸ್ ಬಳಸುವ ಉತ್ಸಾಹಿಗಳು ಸೋರ್ಸಿನಿಂದ ತಾವೇ ಕಟ್ಟಿಕೊಳ್ಳುತ್ತಾರೆ.

ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಎಂಬ ಯುನಿಕ್ಸ್ ಬಳಗದ ಸಿಸ್ಟಮ್‌ಗಳನ್ನು ಕೇಳುವವರು ಬಂದರೆ ಸಂತೋಷದಿಂದ ಪ್ಯಾಚ್ ಸ್ವೀಕರಿಸಿ, ಹೊಣೆಯನ್ನು ಅವರಿಗೇ ಬಿಡಿ.

ಇವೆಲ್ಲದರಿಂದ ತಪ್ಪಿಸಿಕೊಂಡ ಇನ್ನೊಂದು ದಾರಿಯೂ ಇದೆ. 1993ರಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊದ ಒಂದು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಲುವಾ ಭಾಷೆ ಐಎಸ್‌ಒ ಮಾನದಂಡದ ಶುದ್ಧ ಸಿಯಲ್ಲಷ್ಟೇ ಬರೆಯಲ್ಪಟ್ಟಿದೆ. ಸಿ ಕಂಪೈಲರ್ ಇರುವ ಕಡೆಯೆಲ್ಲ ಕಟ್ಟಬಹುದು. ಅದಕ್ಕೆ ತೆತ್ತ ಬೆಲೆ: ಒಂದು ಫೋಲ್ಡರಿನಲ್ಲಿ ಯಾವ ಫೈಲುಗಳಿವೆ ಎಂದು ಕೇಳುವ ಸೌಲಭ್ಯ ಕೂಡ ಅದರ ಮೂಲ ಲೈಬ್ರರಿಯಲ್ಲಿಲ್ಲ, ಯಾಕೆಂದರೆ ಐಎಸ್‌ಒ ಸಿಯಲ್ಲಿ ಅದಿಲ್ಲ. ಬೇರೆ ಪ್ರೋಗ್ರಾಮಿನೊಳಗೆ ಕೂರುವ ಭಾಷೆಗೆ ಇದು ಸರಿಯಾದ ಚೌಕಾಸಿ. ತಾನೇ ಮುಂದೆ ನಿಂತು ಕೆಲಸ ಮಾಡಬೇಕಾದ ಭಾಷೆಗೆ ಅಲ್ಲ.

ಹಿಂದಕ್ಕೆ ಎಲ್ಲಿಯವರೆಗೆ

"ನಮ್ಮ ಲ್ಯಾಬಿನಾಗ ವಿಂಡೋಸ್ 7 ಐತ್ರಿ" ಎಂಬ ಮಾತು ಬಂದೇ ಬರುತ್ತದೆ. ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿದ್ದು 2020ರ ಜನವರಿ 14ಕ್ಕೆ. ಪೈಥಾನ್ 3.9 ಅದೇ ವರ್ಷ ಕೈಬಿಟ್ಟಿತು, ಗೋ 2023ರ 1.21ರಲ್ಲಿ, ರಸ್ಟ್ 2024ರ 1.78ರಲ್ಲಿ. ಇಲ್ಲೊಂದು ಸೂಕ್ಷ್ಮ ಇದೆ: ನಿಮ್ಮ ಭಾಷೆಯ ಕಂಪೈಲರನ್ನು ಹೊಸ ಗೋ ಅಥವಾ ರಸ್ಟ್‌ನಲ್ಲಿ ಬರೆದಿದ್ದರೆ ಈ ನಿರ್ಧಾರ ನಿಮ್ಮ ಕೈಯಲ್ಲೇ ಇಲ್ಲ, ಅದು ಆಗಿಹೋಗಿದೆ. ಸಿಯಲ್ಲಿ ಬರೆದವರಿಗೆ ಮಾತ್ರ ಆಯ್ಕೆ ಉಂಟು. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆದರೆ ಅದನ್ನು ಬಿಡುವ ಆಲೋಚನೆಯನ್ನೂ ಮಾಡಬೇಡಿ. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲದ ಯಂತ್ರಗಳು ನಮ್ಮ ಕಡೆ ಇನ್ನೂ ಬಹಳ ಕಾಲ ಓಡುತ್ತವೆ.

ಯಾರಿಗೆ ಯಾವುದು

ಒಬ್ಬರೇ ಮೇಷ್ಟ್ರು, ಖರ್ಚಿಗೆ ಕಾಸಿಲ್ಲ, ಉದ್ದೇಶ ಕಲಿಸುವುದು: ಮೊದಲ ಹಂತದಲ್ಲಿ ಬ್ರೌಸರ್ ಒಂದೇ ಇರಲಿ. ಲಿನಕ್ಸ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಹೇಗೂ ಇದೆ, ಅದು ಎರಡನೆಯದು. ವಿಂಡೋಸ್ ಜಿಪ್ ಬೇಕೆಂದವರಿಗೆ ಗಿಟ್‌ಹಬ್ ಯಂತ್ರ ಮಾಡಿಕೊಟ್ಟದ್ದನ್ನು ಕೊಡಿ, ಮೂರನೇ ಹಂತ ಎಂದು ಬರೆದೇ ಕೊಡಿ.

ಮೂರು ನಾಲ್ಕು ಜನರ ಬಳಗ, ಮಿಲ್ಲು, ಅಂಗಡಿ, ತೂಕದ ಚೀಟಿ, ಎಕ್ಸೆಲ್ ಫೈಲು ಇಂಥ ಕೆಲಸ: ವಿಂಡೋಸ್ 10ರಿಂದ ಮೇಲೆ, 64 ಬಿಟ್, ಇದೇ ನಿಮ್ಮ ಮೊದಲ ಹಂತ, ಉಳಿದದ್ದೆಲ್ಲ ಆಮೇಲೆ. ಇಲ್ಲಿ ಸಹಿಯ ಸರ್ಟಿಫಿಕೇಟಿಗೆ ಹಣ ಹಾಕುವುದು ದಂಡವಲ್ಲ. ಆ್ಯಂಟಿವೈರಸ್ ನಿಮ್ಮ ಎಕ್ಸ್‌ಇಯನ್ನು ತಿಂದುಹಾಕಿದ ದಿನ ಮಿಲ್ಲಿನ ಲೆಕ್ಕ ನಿಲ್ಲುತ್ತದೆ. ತಂಡದಲ್ಲಿ ಕನಿಷ್ಠ ಒಬ್ಬರು ದಿನನಿತ್ಯದ ಕೆಲಸವನ್ನೇ ವಿಂಡೋಸಿನಲ್ಲಿ ಮಾಡಬೇಕು. ಎಲ್ಲರೂ ಉಬುಂಟು ಪ್ರೇಮಿಗಳಾದರೆ ಈ ದಾರಿಗೆ ಇಳಿಯಲೇಬೇಡಿ.

ಸರ್ವರ್ ಬರೆಯುವ, ವೇಗದ, ಊರಾಚೆಯವರೂ ಬಳಸಬೇಕೆಂಬ ಮಹತ್ವಾಕಾಂಕ್ಷೆಯ ಭಾಷೆ: ಲಿನಕ್ಸ್ ಮೊದಲ ಹಂತ, ಇಂಟೆಲ್ ಮತ್ತು ಆರ್ಮ್ ಎರಡೂ 64 ಬಿಟ್. ಮ್ಯಾಕ್ ಎರಡನೆಯದು, ಯಾಕೆಂದರೆ ನಿಮ್ಮ ಕೋಡಿಗೆ ಕೈಜೋಡಿಸಲು ಬರುವ ಬೆಂಗಳೂರಿನ ಎಷ್ಟೋ ಜನರ ಮಡಿಲಲ್ಲಿ ಅದೇ ಇರುತ್ತದೆ. ವಿಂಡೋಸಿನಲ್ಲಿ ಪೂರ್ತಿ ಓಡದಿದ್ದರೂ ಫೈಲ್ ದಾರಿ, ಎನ್‌ಕೋಡಿಂಗ್, ಪ್ರಾಸೆಸ್ ಈ ಮೂರರ ಕೋಡನ್ನು ಮೊದಲೇ ಬೇರೆ ಫೈಲಿನಲ್ಲಿ ಇಟ್ಟಿರಿ. ಆಮೇಲೆ ಹುಡುಕಿ ಕೀಳುವುದು ನರಕ.

ಯಾವುದನ್ನೇ ಆರಿಸಿದರೂ ರೀಡ್‌ಮಿಯಲ್ಲಿ ಪ್ರತಿ ಹೆಸರಿನ ಮುಂದೆ ಮೂರು ಸಂಗತಿ ಬರೆಯಿರಿ: ಯಾವ ಹಂತ, ಕನಿಷ್ಠ ಆವೃತ್ತಿ ಎಷ್ಟು, ಹೊಣೆ ಯಾರದು. ಹೊಣೆಯ ಜಾಗ ಖಾಲಿಯಾದರೆ ಆ ಸಾಲು ತಾನಾಗಿ ಒಂದು ಹಂತ ಕೆಳಗಿಳಿಯಲಿ. ವಿದ್ಯಾರ್ಥಿಗಳ ತಂಡದಲ್ಲಿ ಪ್ರತಿ ಜೂನ್‌ಗೆ ಒಬ್ಬಿಬ್ಬರು ಕೆಲಸ ಸಿಕ್ಕಿ ಹೈದರಾಬಾದಿಗೋ ಬೆಂಗಳೂರಿಗೋ ಹೊರಡುತ್ತಾರೆ, ಈ ನಿಯಮ ಮೊದಲೇ ಇದ್ದರೆ ಯಾರಿಗೂ ಮುಜುಗರವಿಲ್ಲ. ಕೈಬಿಡುವುದಿದ್ದರೆ ಒಂದು ಆವೃತ್ತಿ ಮುಂಚೆ ತಿಳಿಸಿ, ಮತ್ತು ಹಳೆಯ ಜಿಪ್ ಫೈಲುಗಳನ್ನು ಅಳಿಸಬೇಡಿ. ವಿಂಡೋಸ್ 7 ಇರುವ ಲ್ಯಾಬಿನವರು ಇವತ್ತಿಗೂ ಪೈಥಾನ್ 3.8 ಇಳಿಸಿಕೊಂಡು ಪಾಠ ನಡೆಸಬಹುದು, ಯಾಕೆಂದರೆ ಅದು ಇನ್ನೂ ಡೌನ್‌ಲೋಡಿಗೆ ಸಿಗುತ್ತದೆ.